ಹಾನ್ಲೆಯೋ, ಸ್ಪಿತಿಯೋ, ಚೋಪ್ತಾನೋ? ಹಿಮಾಲಯದಲ್ಲಿ ನಕ್ಷತ್ರದ ಫೋಟೋಗೆ ಜಾಗ ಆರಿಸುವುದು ಹೇಗೆ

ಮಳೆಗಾಲ ಅರ್ಧ ಮುಗಿಯುವ ಹೊತ್ತಿಗೆ ನನಗೆ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ‘ಮಹಾಲಯ ಅಮಾವಾಸ್ಯೆ ಹೊತ್ತಿಗೆ ರಜೆ ಹಾಕ್ತಿದ್ದೀವಿ. ಆಕಾಶಗಂಗೆಯ ಫೋಟೋ ತೆಗೀಬೇಕು. ಹಾನ್ಲೆಗೆ ಹೋಗೋದಾ, ಸ್ಪಿತಿಗಾ? ಚೋಪ್ತಾ ಅಗ್ಗ ಅಂತಾರಲ್ಲ, ಅಲ್ಲೇ ಆಗಲ್ವಾ?’

ಹಾನ್ಲೆ ಇರುವುದು ಲಡಾಖಿನಲ್ಲಿ, ಸ್ಪಿತಿ ಹಿಮಾಚಲದಲ್ಲಿ, ಚೋಪ್ತಾ ಉತ್ತರಾಖಂಡದಲ್ಲಿ. ಚೋಪ್ತಾದಲ್ಲೂ ಆಗುತ್ತದೆ, ಆದರೆ ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಚಿತ್ರ ಅಲ್ಲಿ ಆಗದೇ ಇರಬಹುದು. ಎಲ್ಲಕ್ಕಿಂತ ಕತ್ತಲಿನ ಜಾಗ ಯಾವುದು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ: ನಿಮ್ಮ ಚಿತ್ರ ಯಾವ ದಿಕ್ಕಿಗೆ ಮುಖ ಮಾಡಿದೆ?

ಮೊದಲು ದಿಕ್ಕು

ಆಕಾಶಗಂಗೆಯ ದಟ್ಟವಾದ ನಡುಭಾಗ ಇರುವುದು ಧನು ಮತ್ತು ವೃಶ್ಚಿಕ ರಾಶಿಗಳ ಕಡೆ. ಅದು ದಕ್ಷಿಣದ ಆಕಾಶ. ಬೆಂಗಳೂರಿನಲ್ಲಿ ನಿಂತರೆ ಈ ಭಾಗ ಹೆಚ್ಚೆಂದರೆ 48 ಡಿಗ್ರಿಯಷ್ಟು ಮೇಲೇರುತ್ತದೆ. ಹಾನ್ಲೆಯಲ್ಲಿ 28 ಡಿಗ್ರಿ ಮಾತ್ರ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ದಿಗಂತದಿಂದ ಮೂರು ಮುಷ್ಟಿಯಷ್ಟೂ ಮೇಲೆ ಬರುವುದಿಲ್ಲ. ನಮ್ಮ ಚಿಕ್ಕಮಗಳೂರಿನ ಬೆಟ್ಟದ ಮೇಲೆ ಅದನ್ನು ಎತ್ತರದಲ್ಲಿ ನೋಡಿ ಅಭ್ಯಾಸವಾದವರು ಹಿಮಾಲಯಕ್ಕೆ ಹೋದಾಗ ಇಲ್ಲೇ ಎಡವುತ್ತಾರೆ. ಕಿರಿದಾದ ಕಣಿವೆಯಲ್ಲಿ, ದಕ್ಷಿಣಕ್ಕೆ ಗೋಡೆಯಂಥ ಬೆಟ್ಟ ಇರುವ ಊರಿನಲ್ಲಿ ರೂಮು ಹಿಡಿದರೆ ಎಷ್ಟೇ ಕತ್ತಲಿದ್ದರೂ ಆ ನಡುಭಾಗ ಬೆಟ್ಟದ ಹಿಂದೆಯೇ ಹುಟ್ಟಿ ಹಿಂದೆಯೇ ಮುಳುಗುತ್ತದೆ.

ಧ್ರುವ ನಕ್ಷತ್ರದ ಲೆಕ್ಕ ಇದಕ್ಕೆ ಉಲ್ಟಾ. ಬೆಂಗಳೂರಿನಲ್ಲಿ ಅದು 13 ಡಿಗ್ರಿ ಎತ್ತರದಲ್ಲಿ, ದೂಳು ಮಬ್ಬಿನಲ್ಲಿ ಎಲ್ಲೋ ಇರುತ್ತದೆ. ಹಿಮಾಲಯದಲ್ಲಿ 30ರಿಂದ 33 ಡಿಗ್ರಿ ಎತ್ತರದಲ್ಲಿ ಸ್ಪಷ್ಟವಾಗಿ ನಿಂತಿರುತ್ತದೆ. ನಕ್ಷತ್ರಗಳು ಅದರ ಸುತ್ತ ಬಳೆಯ ಹಾಗೆ ಸುತ್ತುವ ಚಿತ್ರ ಬೇಕಿದ್ದರೆ ನಿಮಗೆ ಬೇಕಾದ ಹಿಮಶಿಖರ ಉತ್ತರಕ್ಕಿರಬೇಕು.

ಹಾಗಾಗಿ ಮೊದಲು ತೀರ್ಮಾನ ಮಾಡಿ: ದಕ್ಷಿಣಕ್ಕೆ ತಿರುಗಿ ಆಕಾಶಗಂಗೆಯೋ, ಉತ್ತರಕ್ಕೆ ತಿರುಗಿ ನಕ್ಷತ್ರದ ಬಳೆಗಳೋ?

ಎರಡನೆಯದು ನಿಮ್ಮ ದೇಹ. 4,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಗಾಳಿ ತೆಳುವಾಗಿ, ಒಣಗಿ ಇರುವುದರಿಂದಲೇ ನಕ್ಷತ್ರಗಳು ಅಷ್ಟು ಚೂಪಾಗಿ ಕಾಣುತ್ತವೆ. ಅದೇ ತೆಳು ಗಾಳಿ ತಲೆನೋವು, ವಾಕರಿಕೆಯನ್ನೂ ತರುತ್ತದೆ. ಆಮ್ಲಜನಕ ಕಡಿಮೆಯಾದರೆ ಕಣ್ಣಿನ ಕತ್ತಲ ದೃಷ್ಟಿಯೂ ಮಂಕಾಗುತ್ತದೆ. ತಲೆ ಸಿಡಿಯುತ್ತಿರುವಾಗ ರಾತ್ರಿ ಎರಡು ಗಂಟೆಗೆ ಹಾಸಿಗೆ ಬಿಟ್ಟು ಏಳಲು ಯಾರಿಗೂ ಆಗುವುದಿಲ್ಲ. ಜಾಗ ಎಷ್ಟು ಎತ್ತರದಲ್ಲಿದೆ ಅನ್ನುವುದರ ಜೊತೆಗೆ ಅಲ್ಲಿಗೆ ಎಷ್ಟು ನಿಧಾನವಾಗಿ ಏರಬಹುದು ಅನ್ನುವುದನ್ನೂ ನೋಡಬೇಕು.

ಇನ್ನು ಕಾಲ. ಚಂದ್ರ ಇಲ್ಲದ ರಾತ್ರಿ ಬೇಕು, ಅಂದರೆ ಅಮಾವಾಸ್ಯೆಯ ಹಿಂದು ಮುಂದಿನ ನಾಲ್ಕೈದು ದಿನ. ಇದಕ್ಕೆ ಯಾವ ಆ್ಯಪೂ ಬೇಡ, ಮನೆಯ ಗೋಡೆಯಲ್ಲಿರುವ ಪಂಚಾಂಗದ ಕ್ಯಾಲೆಂಡರ್ ಸಾಕು. ಭೀಮನ ಅಮಾವಾಸ್ಯೆ ಹೊತ್ತಿಗೆ ಉತ್ತರಾಖಂಡದಲ್ಲಿ ಜಡಿಮಳೆ, ಲಡಾಖಿನಲ್ಲೂ ಆಗಾಗ ಮೋಡ. ಗಣೇಶನ ಹಬ್ಬಕ್ಕೆ ಮೊದಲು ಬರುವ ಬೆನಕನ ಅಮಾವಾಸ್ಯೆ ಲಡಾಖ್ ಮತ್ತು ಸ್ಪಿತಿಗೆ ಒಳ್ಳೆಯದು. ಕತ್ತಲಾದ ಕೂಡಲೇ ಆಕಾಶಗಂಗೆ ದಕ್ಷಿಣದಲ್ಲಿ ನಿಂತಿರುತ್ತದೆ, ಕಡಿಮೆಯೆಂದರೂ ಮೂರು ತಾಸು ಸಿಗುತ್ತದೆ. ಮಹಾಲಯ ಅಮಾವಾಸ್ಯೆಗೆ ಆಕಾಶ ಇನ್ನೂ ತಿಳಿಯಾಗಿರುತ್ತದೆ. ಆದರೆ ನಡುಭಾಗ ನೈಋತ್ಯಕ್ಕೆ ವಾಲಿರುತ್ತದೆ, ಒಂಬತ್ತು ಗಂಟೆಯೊಳಗೆ ಕೆಲಸ ಮುಗಿಸಬೇಕು. ಊಟ ಆಮೇಲೆ. ದೀಪಾವಳಿ ಅಮಾವಾಸ್ಯೆಗೆ ಹೋದವರು ನಡುಭಾಗದ ಆಸೆ ಬಿಟ್ಟು ಕೃತ್ತಿಕೆ, ಮಹಾವ್ಯಾಧ ಏರುವುದನ್ನು ಕಾಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೋಗುವುದಾದರೆ ನಡುರಾತ್ರಿ ಕಳೆದ ಮೇಲೆ ಎದ್ದು ಆಗ್ನೇಯಕ್ಕೆ ಮುಖ ಮಾಡಬೇಕು.

ದುಡ್ಡು ಮತ್ತು ದಿನಗಳ ಮಾತು ಒಂದೊಂದು ಜಾಗದ ಜೊತೆಗೇ ಹೇಳುತ್ತೇನೆ.

ಹಾನ್ಲೆ: ಆಕಾಶಕ್ಕಾಗಿಯೇ ಹೋಗುವವರಿಗೆ

ಲೇಹ್‌ನಿಂದ ಸಿಂಧೂ ನದಿಯ ಪಕ್ಕದಲ್ಲೇ ಚುಮಾಥಾಂಗ್, ನ್ಯೋಮಾ, ಲೋಮಾ ದಾಟಿ ಸುಮಾರು 260 ಕಿಲೋಮೀಟರ್. ಪೂರ್ತಿ ಒಂದು ದಿನದ ಪ್ರಯಾಣ. ಕೊನೆಗೆ ಬೆಟ್ಟಗಳು ಹಿಂದೆ ಸರಿದು ದೊಡ್ಡ ಬಯಲು ತೆರೆದುಕೊಳ್ಳುತ್ತದೆ. ನಾನು ದಿಕ್ಕಿನ ಬಗ್ಗೆ ಹೇಳಿದ್ದು ನೆನಪಿದೆಯಲ್ಲ? ಹಾನ್ಲೆಯ ದೊಡ್ಡ ಬಲ ಕತ್ತಲು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಆ ಬಯಲೂ ಅಷ್ಟೇ ಮುಖ್ಯ. ಮೂರು ಮುಷ್ಟಿಗಿಂತ ಕೆಳಗೆ ಹಾಯುವ ಆಕಾಶಗಂಗೆ ಅಲ್ಲಿ ತಡೆಯಿಲ್ಲದೆ ಕಾಣುತ್ತದೆ.

ಈ ಊರಿಗೂ ಬೆಂಗಳೂರಿಗೂ ನೇರ ನಂಟಿದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ ಇರುವುದು ಇಲ್ಲೇ, 4,500 ಮೀಟರ್ ಎತ್ತರದಲ್ಲಿ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಹೊಸಕೋಟೆಯಲ್ಲಿ ಕೂತವರು ಹಾನ್ಲೆಯ ಆಕಾಶ ನೋಡುತ್ತಿರುತ್ತಾರೆ ಅನ್ನುವುದು ಪ್ರತಿ ಸಲ ಆ ದಾರಿಯಲ್ಲಿ ಹೋಗುವಾಗ ನನಗೆ ನೆನಪಾಗುತ್ತದೆ. ವರ್ಷಕ್ಕೆ 250ರ ಆಸುಪಾಸು ರಾತ್ರಿಗಳು ವೀಕ್ಷಣೆಗೆ ಯೋಗ್ಯವಾಗಿರುತ್ತವೆ ಅನ್ನುವ ಕಾರಣಕ್ಕೇ ಆ ಜಾಗ ಆರಿಸಿದ್ದು. 2022ರ ಡಿಸೆಂಬರಿನಲ್ಲಿ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಲಾಯಿತು. 2024ರ ಮೇ 10ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಬಂದಾಗ ಇಲ್ಲಿನ ಕ್ಯಾಮೆರಾಗಳಲ್ಲಿ ಉತ್ತರದ ಆಕಾಶ ಕೆಂಪಾಗಿ ದಾಖಲಾಯಿತು. ಮಾಮೂಲಿ ರಾತ್ರಿಯಲ್ಲೂ ಚಿತ್ರ ದೊಡ್ಡದು ಮಾಡಿ ನೋಡಿದರೆ ದಿಗಂತದ ಮೇಲೆ ಹಸಿರು ಪಟ್ಟಿಯಂಥ ಹೊಳಪು ಕಾಣುತ್ತದೆ. ಅದು ಬಣ್ಣ ಕೆಟ್ಟಿದ್ದಲ್ಲ, ವಾತಾವರಣ ತಾನೇ ಹೊಳೆಯುವುದು. ದಯವಿಟ್ಟು ಅಳಿಸಬೇಡಿ.

ಊರಿನವರು ಈ ಕತ್ತಲನ್ನು ಕಾಪಾಡುವ ರೀತಿ ನೋಡಿದರೆ ಮನಸ್ಸು ತುಂಬಿ ಬರುತ್ತದೆ. ನಾನು ಉಳಿದಿದ್ದ ಮನೆಯಲ್ಲಿ ಕತ್ತಲಾಗುತ್ತಿದ್ದಂತೆ ಅಜ್ಜಿಯೊಬ್ಬರು ಒಂದೊಂದೇ ಕಿಟಕಿಗೆ ದಪ್ಪ ಪರದೆ ಎಳೆದರು. ಅಡುಗೆಮನೆಯ ಪುಟ್ಟ ಕಿಟಕಿಗೆ ಪರದೆ ಇರಲಿಲ್ಲ. ಅದಕ್ಕೆ ಒಂದು ಉಣ್ಣೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಸಿಕ್ಕಿಸಿ, ಅಂಚಿನಲ್ಲಿ ಬೆಳಕು ಸೋರುತ್ತಿದೆಯೇ ಅಂತ ಹೊರಗೆ ಹೋಗಿ ನೋಡಿಬಂದರು. ಊರಿನ ಕೆಲವು ಯುವಕ ಯುವತಿಯರಿಗೆ ತರಬೇತಿ ಕೊಟ್ಟು ದೂರದರ್ಶಕ ಕೊಟ್ಟಿದ್ದಾರೆ. ಅವರ ಮನೆಗಳಲ್ಲೇ ಉಳಿದರೆ ನಿಮಗೂ ಅನುಕೂಲ, ಅವರಿಗೂ ಆದಾಯ. ಗಾಡಿಯ ಹೈ ಬೀಮ್ ಹಾಕುವಂತಿಲ್ಲ. ತಲೆಗೆ ಕಟ್ಟುವ ಟಾರ್ಚ್ ಕೆಂಪು ಬೆಳಕಿನದ್ದಿರಲಿ. ರಾತ್ರಿ ಹೊತ್ತು ವೀಕ್ಷಣಾಲಯದ ಗುಡ್ಡದ ಕಡೆ ಗಾಡಿ ಒಯ್ಯಬೇಡಿ.

ಇನ್ನು ತೊಂದರೆಗಳು. ಊರು ಇರುವುದೇ 4,200 ಮೀಟರ್‌ಗಿಂತ ಮೇಲೆ. ವಿಮಾನದಲ್ಲಿ ಲೇಹ್‌ಗೆ ಇಳಿದರೆ 3,500 ಮೀಟರ್‌ಗೆ ಒಂದೇ ಏಟಿಗೆ ಬಂದಂತೆ. ಅಲ್ಲಿ ಕಡಿಮೆಯೆಂದರೂ ಎರಡು ಪೂರ್ತಿ ದಿನ ಸುಮ್ನೆ ಇರಬೇಕು, ಮೂರಾದರೆ ಇನ್ನೂ ಒಳ್ಳೆಯದು. ಹಾನ್ಲೆಯಲ್ಲಿ ಮೂರು ರಾತ್ರಿ ಇಟ್ಟುಕೊಳ್ಳಿ, ಒಂದು ಮೋಡಕ್ಕೆ ಹೋದರೂ ಎರಡು ಉಳಿಯುತ್ತವೆ. ಬೆಂಗಳೂರಿನಿಂದ ಹೋಗಿ ಬರಲು ಒಂಬತ್ತು ದಿನ ಬೇಕೇ ಬೇಕು. ಖರ್ಚಿನಲ್ಲಿ ದೊಡ್ಡ ಪಾಲು ಟ್ಯಾಕ್ಸಿಯದು. ನಾಲ್ವರು ಹಂಚಿಕೊಂಡರೆ ತಡೆಯುತ್ತದೆ, ಒಬ್ಬರಿಗೆ ಬಹಳ ಭಾರ. ಗಡಿ ಪ್ರದೇಶವಾದ್ದರಿಂದ ಪರವಾನಗಿ ಬೇಕು, ಆನ್‌ಲೈನ್‌ನಲ್ಲೇ ಸಿಗುತ್ತದೆ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ. ಹಗಲು ಹೊತ್ತು 5,798 ಮೀಟರ್ ಎತ್ತರದ ಉಮ್ಲಿಂಗ್ ಲಾ ಘಟ್ಟದ ರಸ್ತೆ ನೋಡಿಬರೋಣ ಅಂತ ಡ್ರೈವರ್ ಹೇಳಿದರೆ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ಅಲ್ಲಿಗೆ ಹೋಗಿ ಬಂದ ರಾತ್ರಿ ಯಾರೂ ಟ್ರೈಪಾಡ್ ಮುಟ್ಟಿದ್ದನ್ನು ನಾನು ನೋಡಿಲ್ಲ.

ಚಿತ್ರದ ದೃಷ್ಟಿಯಿಂದ ಒಂದು ಕೊರತೆ ಹೇಳಲೇಬೇಕು. ಹಾನ್ಲೆಯ ಸುತ್ತ ಇರುವುದು ಬೋಳು ಗುಡ್ಡಗಳು. ಹಳೆಯ ಮಠ ಚೆನ್ನಾಗಿದೆ, ಆದರೆ ಮುಂದೆ ಇಡಲು ಚೂಪಾದ ಹಿಮಶಿಖರ ಇಲ್ಲ. ನಕ್ಷತ್ರದ ಜೊತೆ ತಿರುಗುವ ಟ್ರ್ಯಾಕರ್ ಇಟ್ಟುಕೊಂಡು ಆಕಾಶದ ಆಳಕ್ಕೆ ಇಳಿಯುವವರಿಗೆ ಇದು ಸ್ವರ್ಗ. ನೆಲ ಮತ್ತು ಆಕಾಶ ಎರಡೂ ಸೇರಿದ ಚಿತ್ರ ಬೇಕಾದವರು ಮುಂದೆ ಓದಿ.

ಲಡಾಖಿನ ಸರೋವರಗಳು

ಪಾಂಗಾಂಗ್ ಎಲ್ಲರಿಗೂ ಗೊತ್ತು. ನೀರಿನ ಮೇಲೆ ಆಕಾಶಗಂಗೆ ಅನ್ನುವ ಕನಸು ಇಟ್ಟುಕೊಂಡು ಹೋಗುವವರೇ ಜಾಸ್ತಿ. ಆದರೆ ಟೆಂಟುಗಳು ಸಾಲಾಗಿ ಇರುವ ಸ್ಪಾಂಗ್ಮಿಕ್ ಸರೋವರದ ನೈಋತ್ಯ ದಡದಲ್ಲಿದೆ. ಅಲ್ಲಿ ನಿಂತು ನೀರಿನ ಕಡೆ ನೋಡಿದರೆ ನೀವು ನೋಡುತ್ತಿರುವುದು ಈಶಾನ್ಯಕ್ಕೆ. ಆಕಾಶಗಂಗೆಯ ನಡುಭಾಗ ನಿಮ್ಮ ಬೆನ್ನ ಹಿಂದಿನ ಬೆಟ್ಟದ ಮೇಲಿರುತ್ತದೆ. ಸರೋವರ ವಾಯವ್ಯದಿಂದ ಆಗ್ನೇಯಕ್ಕೆ ಚಾಚಿಕೊಂಡಿರುವುದರಿಂದ, ಲುಕುಂಗ್ ತುದಿಯಿಂದ ಮೇ, ಜೂನ್ ತಿಂಗಳಲ್ಲಿ ನೀರಿನ ಉದ್ದಕ್ಕೂ ನೋಡುತ್ತಾ ಪ್ರಯತ್ನಿಸಬಹುದು.

ಬೆಳಕಿನ ಕಾಟವೂ ಇದೆ. ನನ್ನ ಮೊದಲ ಪ್ರವಾಸದಲ್ಲಿ ನಾವಿದ್ದ ಶಿಬಿರದವರು ಅಂಗಳದಲ್ಲಿ ಬಿಳಿ ಫ್ಲಡ್‌ಲೈಟ್ ಹಾಕಿದ್ದರು. ಆರಿಸುತ್ತೇವೆ ಅಂತ ಹೇಳಿದವರು ಆರಿಸಲೇ ಇಲ್ಲ. ಆ ರಾತ್ರಿಯ ಒಂದು ಚಿತ್ರವೂ ಉಳಿಯಲಿಲ್ಲ. ಅದಾದ ಮೇಲೆ ರೂಮು ಹಿಡಿಯುವ ಮೊದಲು ದರ ಕೇಳುವುದಕ್ಕಿಂತ ಮುಂಚೆ ಹೊರಗಿನ ದೀಪದ ಬಗ್ಗೆ ಕೇಳುತ್ತೇನೆ. ನೀವೂ ಕೇಳಿ.

ನೀರೇ ಬೇಕು ಅನ್ನುವವರಿಗೆ ನನ್ನ ಆಯ್ಕೆ ತ್ಸೋ ಮೊರಿರಿ. ಸರೋವರ ಉತ್ತರ ದಕ್ಷಿಣವಾಗಿ ಮಲಗಿದೆ. ಕೋರ್ಜೋಕ್ ಊರು ಇರುವುದು ಅದರ ವಾಯವ್ಯ ಮೂಲೆಯಲ್ಲಿ. ಅಂದರೆ ನೀರಿನ ಉದ್ದಕ್ಕೆ ನೋಡಿದರೆ ದಕ್ಷಿಣ! ಆಗಸ್ಟ್ ಕೊನೆಯಲ್ಲಿ ಆಕಾಶಗಂಗೆ ನೆಟ್ಟಗೆ ಎದ್ದು ನಿಲ್ಲುವುದೂ ಆ ಕಡೆಗೇ. ಆದರೆ ಇದು 4,522 ಮೀಟರ್ ಎತ್ತರ, ಹಾನ್ಲೆ ಊರಿಗಿಂತಲೂ ಮೇಲೆ. ಗಾಳಿ ಬೀಸಿದರೆ ಪ್ರತಿಬಿಂಬ ಸಿಗುವುದಿಲ್ಲ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿರುವ ಜಾಗ ಇದು, ಹಕ್ಕಿಗಳು ಗೂಡು ಕಟ್ಟುವ ಜಾಗ. ದಡದಲ್ಲಿ ಟೆಂಟ್ ಹಾಕಬೇಡಿ, ಊರಿನ ಮನೆಗಳಲ್ಲೇ ಉಳಿಯಿರಿ. ಹಾನ್ಲೆಗೆ ಹೋಗುವವರು ಎರಡು ರಾತ್ರಿ ಸೇರಿಸಿಕೊಂಡರೆ ಒಂದೇ ಟ್ಯಾಕ್ಸಿಯಲ್ಲಿ ಎರಡೂ ಆಗುತ್ತವೆ.

ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವವರಿಗೆ, ಎತ್ತರ ಒಗ್ಗದವರಿಗೆ ನುಬ್ರಾ ಕಣಿವೆ ಇದೆ. ಹುಂಡರ್ ಮರಳು ದಿಬ್ಬಗಳ ಎತ್ತರ ಸುಮಾರು 3,100 ಮೀಟರ್, ಲೇಹ್‌ಗಿಂತ ಕೆಳಗೆ. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ಸುತ್ತ ಬೆಟ್ಟಗಳಿರುವುದರಿಂದ ಆಕಾಶ ಪೂರ್ತಿ ತೆರೆದಿಲ್ಲ, ಹೋಟೆಲ್ ದೀಪಗಳೂ ಇವೆ. ಊರಿನಿಂದ ಸ್ವಲ್ಪ ಆಚೆ ಹೋದರೆ ಸಾಕು.

ಸ್ಪಿತಿ: ನೆಲವೂ ಬೇಕು, ಆಕಾಶವೂ ಬೇಕು ಅನ್ನುವವರಿಗೆ

ಒಂದೇ ಒಂದು ಜಾಗ ಹೇಳಿ ಅಂತ ಯಾರಾದರೂ ಒತ್ತಾಯ ಮಾಡಿದರೆ ನಾನು ಲಾಂಗ್ಜಾ ಹಳ್ಳಿ ಅನ್ನುತ್ತೇನೆ. ಕಾರಣ ಮತ್ತೆ ದಿಕ್ಕು.

ಕೀ ಮಠ, ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಎಲ್ಲವೂ ಸ್ಪಿತಿ ನದಿಯ ಎಡದಂಡೆಯ ಮೇಲಿವೆ. ನದಿ ಇರುವುದು ಅವುಗಳ ದಕ್ಷಿಣಕ್ಕೆ, ತುಂಬ ಆಳದಲ್ಲಿ. ಲಾಂಗ್ಜಾ ಸುಮಾರು 4,400 ಮೀಟರ್ ಎತ್ತರದ ತೆರೆದ ಇಳಿಜಾರು. ಆಚೆ ದಂಡೆಯ ಬೆಟ್ಟಗಳು ದೂರ ಇರುವುದರಿಂದ ದಕ್ಷಿಣದ ದಿಗಂತ ತಗ್ಗಾಗಿ ಕಾಣುತ್ತದೆ. ಆಕಾಶಗಂಗೆಗೆ ಬೇಕಾದ ಜಾಗ ಸಿಕ್ಕಿತು. ಹಾಗೇ ಹಿಂದಕ್ಕೆ ತಿರುಗಿದರೆ ಈಶಾನ್ಯದಲ್ಲಿ 6,303 ಮೀಟರ್ ಎತ್ತರದ ಚಾವ್ ಚಾವ್ ಕಾಂಗ್ ನಿಲ್ದಾ ಶಿಖರ, ಅದರ ಎಡಕ್ಕೆ ಧ್ರುವ. ನಡುವೆ ದೊಡ್ಡ ಬುದ್ಧನ ಪ್ರತಿಮೆ, ಮಣ್ಣಿನ ಮನೆಗಳು, ಮಾಳಿಗೆಯ ಮೇಲೆ ಒಟ್ಟಿದ ಹುಲ್ಲು. ಟ್ರೈಪಾಡ್ ನೂರು ಹೆಜ್ಜೆ ಕದಲಿಸದೆ ಎರಡೂ ಬಗೆಯ ಚಿತ್ರ ತೆಗೆಯಬಹುದಾದ ಇಂಥ ಜಾಗ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕತ್ತಲಿನಲ್ಲಿ ಹಾನ್ಲೆಗೆ ಸ್ವಲ್ಪ ಕಡಿಮೆ ಇರಬಹುದು. ಸಾಧಾರಣ ಲೆನ್ಸಿನಲ್ಲಿ ಷಟರ್ 20 ಸೆಕೆಂಡು ತೆರೆದಿಟ್ಟು ಚಿತ್ರ ತೆಗೆಯುವವರಿಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಕೆಳಗಿನ ಕಾಜಾ ಪಟ್ಟಣದಲ್ಲಿ ಉಳಿದು ರಾತ್ರಿ ಗಾಡಿಯಲ್ಲಿ ಮೇಲೆ ಹೋಗಿ ಬರುವ ಯೋಚನೆ ಬೇಡ. ಮೇಲಿನ ಮನೆಯಲ್ಲೇ ಉಳಿದರೆ ಮೋಡ ಸರಿದಿದೆಯೇ ಅಂತ ಗಂಟೆಗೊಮ್ಮೆ ಬಾಗಿಲು ತೆಗೆದು ನೋಡಬಹುದು.

ಹೋಗುವ ದಾರಿ ಬಹಳ ಮುಖ್ಯ. ಶಿಮ್ಲಾ, ಕಿನ್ನೌರ್ ಮೂಲಕ ಹೋದರೆ 2,200 ಮೀಟರ್‌ನಿಂದ ಕಲ್ಪಾ, ನಾಕೋ, ಕಾಜಾ ಅಂತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೀರಿ. ದೇಹ ಒಗ್ಗಿಕೊಳ್ಳುತ್ತದೆ. ಮನಾಲಿಯಿಂದ ಕುಂಜುಮ್ ಘಟ್ಟ ದಾಟಿ ಹೋಗುವ ದಾರಿ ಹತ್ತಿರ, ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಒಂದೇ ದಿನದಲ್ಲಿ 2,000 ಮೀಟರ್‌ಗಿಂತ ಜಾಸ್ತಿ ಏರಿಸಿಬಿಡುತ್ತದೆ. ಕಿನ್ನೌರ್ ಕಡೆಯಿಂದ ಹೋಗಿ ಮನಾಲಿ ಕಡೆ ಇಳಿಯುವುದು ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಕಿನ್ನೌರಿನಲ್ಲಿ ಗುಡ್ಡ ಕುಸಿತ ಸಾಮಾನ್ಯ. ಸೆಪ್ಟೆಂಬರ್ ಮಧ್ಯದ ನಂತರ ನಿರಾಳ.

ಖರ್ಚು ಹಿಡಿತದಲ್ಲಿ ಇಡುವವರಿಗೂ ಇದೇ ಸರಿ. ಕಿನ್ನೌರಿನ ರೆಕಾಂಗ್ ಪಿಯೋದಿಂದ ಕಾಜಾಕ್ಕೆ ಹಿಮಾಚಲದ ಸರ್ಕಾರಿ ಬಸ್ಸಿದೆ. ಒಬ್ಬರೇ ಹೋಗುವವರು ಬಸ್ಸಿನಲ್ಲಿ ಕಾಜಾ ತಲುಪಿ, ಅಲ್ಲಿಂದ ಮೇಲಿನ ಹಳ್ಳಿಗೆ ಮಾತ್ರ ಟ್ಯಾಕ್ಸಿ ಹಿಡಿದರೆ ಸಾಕು. ವಿಮಾನ ಉಳಿಸಿ ದೆಹಲಿಗೆ ರೈಲಿನಲ್ಲಿ ಹೋದರೆ ಇನ್ನೂ ಕಡಿಮೆ. ಆದರೆ ದಿನಗಳು ಜಾಸ್ತಿ ಬೇಕು, ಹನ್ನೊಂದೋ ಹನ್ನೆರಡೋ.

ಚಂದ್ರತಾಲ್ ಬಗ್ಗೆ ತುಂಬ ಜನ ಕೇಳುತ್ತಾರೆ. ಸುಂದರ ಸರೋವರ, ಸುಮಾರು 4,250 ಮೀಟರ್. ದಡದಲ್ಲಿ ಟೆಂಟ್ ಹಾಕುವಂತಿಲ್ಲ, ಶಿಬಿರಗಳು ಎರಡು ಮೂರು ಕಿಲೋಮೀಟರ್ ದೂರ. ಆ ಎತ್ತರದಲ್ಲಿ, ಕೊರೆಯುವ ಗಾಳಿಯಲ್ಲಿ ರಾತ್ರಿ ಅಷ್ಟು ದೂರ ನಡೆದು ಹೋಗಿ ಬರುವುದು ಎಲ್ಲರ ಕೈಲಿ ಆಗದು. ಮನಾಲಿಯಿಂದ ನೇರ ಅಲ್ಲಿಗೆ ಹೋಗಿ ಮಲಗುವುದಂತೂ ಬೇಡವೇ ಬೇಡ. ಸ್ಪಿತಿಯಲ್ಲಿ ಒಂದು ವಾರ ಕಳೆದು ವಾಪಸ್ ಬರುವಾಗ ಸೇರಿಸಿಕೊಳ್ಳಿ.

ಚೋಪ್ತಾ ಮತ್ತು ದೇವರಿಯಾ ತಾಲ್: ಆರು ದಿನ, ಕಡಿಮೆ ದುಡ್ಡು

ಋಷಿಕೇಶದಿಂದ ರುದ್ರಪ್ರಯಾಗ, ಊಖಿಮಠ ದಾಟಿದರೆ ಚೋಪ್ತಾ, ಸುಮಾರು 2,700 ಮೀಟರ್. ತಲೆನೋವಿನ ಭಯ ಬಹಳ ಕಡಿಮೆ. ಪರವಾನಗಿಯ ಗೊಡವೆ ಇಲ್ಲ. ಆರು ದಿನದಲ್ಲಿ ಬೆಂಗಳೂರಿಗೆ ವಾಪಸ್ ಬರಬಹುದು. ರಜೆಯೂ ದುಡ್ಡೂ ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಆದರೆ ಇಲ್ಲಿ ಹಿಮಶಿಖರಗಳೆಲ್ಲ ಉತ್ತರಕ್ಕಿವೆ. ಚೌಖಂಬಾ ಶಿಖರದ ಮೇಲೆ ಆಕಾಶಗಂಗೆಯ ನಡುಭಾಗ ನಿಂತ ಚಿತ್ರ ಇಲ್ಲಿಂದ ಸಾಧ್ಯವೇ ಇಲ್ಲ. ದಕ್ಷಿಣಕ್ಕೆ ತಿರುಗಿದರೆ ಕಾಣುವುದು ಬಯಲು ಸೀಮೆಯ ಊರುಗಳ ಬೆಳಕು ಮತ್ತು ಮಬ್ಬು, ನಡುಭಾಗ ಅದರಲ್ಲೇ ಮಸುಕಾಗುತ್ತದೆ. ಇದು ಗೊತ್ತಿಲ್ಲದೆ ಹೋದವರು ಬೇಜಾರು ಮಾಡಿಕೊಂಡು ಬರುತ್ತಾರೆ.

ಗೊತ್ತಿದ್ದು ಹೋದರೆ? ಸಾರಿ ಗ್ರಾಮದಿಂದ ಸುಮಾರು ಮೂರು ಕಿಲೋಮೀಟರ್ ಹತ್ತಿದರೆ ದೇವರಿಯಾ ತಾಲ್. ಅದರ ದಕ್ಷಿಣ ದಡದಲ್ಲಿ ನಿಂತು ಉತ್ತರಕ್ಕೆ ನೋಡಿ. ಎಡಕ್ಕೆ ಕೇದಾರನಾಥ ಶಿಖರ, ಬಲಕ್ಕೆ 7,138 ಮೀಟರ್ ಎತ್ತರದ ಚೌಖಂಬಾ, ನಡುವೆ ಮೇಲೆ ಧ್ರುವ. ಕೆಳಗೆ ನೀರಿನಲ್ಲಿ ಎಲ್ಲವೂ ಇನ್ನೊಮ್ಮೆ. ನಕ್ಷತ್ರದ ಬಳೆಗಳಿಗೆ ಇದು ಹಾನ್ಲೆಗಿಂತ ಮೇಲು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಇಲ್ಲಿ ಅಮಾವಾಸ್ಯೆಯೇ ಬೇಕೆಂದಿಲ್ಲ. ಪಂಚಮಿ, ಷಷ್ಠಿಯ ಚಂದ್ರ ನೈಋತ್ಯದಲ್ಲಿದ್ದರೆ ಅದರ ಬೆಳಕು ನೇರ ಶಿಖರಗಳ ಮೇಲೆ ಬೀಳುತ್ತದೆ, ಹಿಮ ಬೆಳ್ಳಿಯಂತೆ ಹೊಳೆಯುತ್ತದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಅತ್ಯುತ್ತಮ.

ಬುಗ್ಯಾಲ್ ಎನ್ನುವ ಮೇಲಿನ ಹುಲ್ಲುಗಾವಲುಗಳಲ್ಲಿ ರಾತ್ರಿ ಉಳಿಯುವುದಕ್ಕೆ 2018ರಲ್ಲಿ ಹೈಕೋರ್ಟ್ ತಡೆ ಹಾಕಿದೆ. ಎಲ್ಲಿ ಉಳಿಯಬಹುದು ಅಂತ ಸಾರಿಯಲ್ಲಿ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ. ಕರಡಿ, ಚಿರತೆ ಇರುವ ಕಾಡು, ಒಬ್ಬರೇ ಹೋಗಬೇಡಿ. ಲಡಾಖಿನಲ್ಲಿ ಇಲ್ಲದ ಇನ್ನೊಂದು ಕಾಟ ಇಲ್ಲಿದೆ: ಇಬ್ಬನಿ. ಗಂಟೆಗಟ್ಟಲೆ ಕ್ಯಾಮೆರಾ ಹೊರಗಿಟ್ಟರೆ ಲೆನ್ಸಿನ ಮೇಲೆ ಹನಿ ಕೂರುತ್ತದೆ. ಹಳೆಯ ಉಣ್ಣೆ ಕಾಲುಚೀಲದ ತುದಿ ಕತ್ತರಿಸಿ ಲೆನ್ಸಿಗೆ ಬಳೆಯಂತೆ ತೊಡಿಸಿ. ಒಳಗೆ ಕೈ ಬೆಚ್ಚಗೆ ಮಾಡುವ ಪೊಟ್ಟಣ ಎರಡು ತುರುಕಿ. ಗಾಜಿನ ಅಂಚು ಮುಟ್ಟಿದರೆ ಉಗುರುಬೆಚ್ಚಗೆ ಇರಬೇಕು, ಅಷ್ಟೇ.

ಹೊರಡುವ ಮೊದಲು

ಎಲ್ಲಿಗೇ ಹೋಗಿ, ಆರಿಸಿದ ಊರಿನ ನಕ್ಷೆ ತೆರೆದು ನೀವು ಉಳಿಯುವ ಮನೆಯಿಂದ ದಕ್ಷಿಣಕ್ಕೊಂದು, ಉತ್ತರಕ್ಕೊಂದು ಗೆರೆ ಎಳೆಯಿರಿ. ಆ ಗೆರೆಯಲ್ಲಿ ಏನು ಬರುತ್ತದೆ ನೋಡಿ. ಇದಕ್ಕೆ ಐದು ನಿಮಿಷ ಸಾಕು. ಕ್ಯಾಮೆರಾ ಹೊಸದಾದರೆ ಫೆಬ್ರವರಿ, ಮಾರ್ಚ್ ತಿಂಗಳ ಅಮಾವಾಸ್ಯೆಯಲ್ಲಿ ಊರಿನ ಕಡೆ, ಹೊಲದ ಬದುವಿನ ಮೇಲೆ ಬೆಳಗಿನ ಜಾವ ಒಮ್ಮೆ ಅಭ್ಯಾಸ ಮಾಡಿ. ಕತ್ತಲಲ್ಲಿ, ಕೈಗವಸು ಹಾಕಿಕೊಂಡು, ನಕ್ಷತ್ರಕ್ಕೆ ಫೋಕಸ್ ಮಾಡುವುದು ಬೆರಳಿಗೆ ಬಂದಿರಬೇಕು.

ಬ್ಯಾಟರಿ ಮೂರಾದರೂ ಇರಲಿ, ಒಳ ಅಂಗಿಯ ಜೇಬಿನಲ್ಲಿ ಮೈಗೆ ತಾಗಿಕೊಂಡಿರಲಿ. ಚಳಿಗೆ ಅವು ಬೇಗ ಸೋಲುತ್ತವೆ. ಕೆಲಸ ಮುಗಿದ ಮೇಲೆ ಮೆಮೊರಿ ಕಾರ್ಡನ್ನು ಹೊರಗೇ ತೆಗೆದುಕೊಂಡು, ಕ್ಯಾಮೆರಾ ಬ್ಯಾಗಿನ ಜಿಪ್ ಪೂರ್ತಿ ಎಳೆದು, ಆಮೇಲೆ ಬಿಸಿ ಕೋಣೆಯೊಳಗೆ ಬನ್ನಿ. ಚಿತ್ರ ಹೇಗೆ ಬಂದಿದೆ ಅಂತ ನೋಡುವ ಆಸೆ ಇದ್ದೇ ಇರುತ್ತದೆ. ಕಾರ್ಡ್ ಕೈಯಲ್ಲಿದೆಯಲ್ಲ, ಲ್ಯಾಪ್‌ಟಾಪಿಗೆ ಹಾಕಿ ನೋಡಿ. ಬ್ಯಾಗನ್ನು ಮಾತ್ರ ಬೆಳಗಾಗುವ ತನಕ ತೆರೆಯಬೇಡಿ, ತೆರೆದರೆ ತಣ್ಣಗಿನ ಕ್ಯಾಮೆರಾದ ಮೇಲೆ ಹನಿ ಕೂರುತ್ತದೆ.